ಪ್ಲಾಸ್ಟಿಕ್ ವೀಲ್ ಕ್ಯಾಪ್ ದಂಡವಾ? ನನ್ನ ಅನುಭವ

ನಮ್ಮದು ಸ್ಟೀಲ್ ರಿಮ್ಮಿನ ಹಳೇ ವ್ಯಾಗನ್ ಆರ್. ಮನೆ ತೀರ್ಥಹಳ್ಳಿ ಕಡೆ. ಕಾರು ಓಡುವುದು ಹೆಚ್ಚಾಗಿ ಪೇಟೆಗೆ ಮತ್ತು ತೋಟದ ಮಣ್ಣು ರಸ್ತೆಯಲ್ಲಿ. ಆಗಾಗ ಆಗುಂಬೆ ಘಾಟಿ ಇಳಿದು ಉಡುಪಿಗೂ ಹೋಗುತ್ತೇವೆ. ಇಂಥ ಕಾರಿಗೆ ಪ್ಲಾಸ್ಟಿಕ್ ವೀಲ್ ಕ್ಯಾಪ್ ಯಾಕೆ ಅಂತ ಕೇಳುವವರು ಇದ್ದಾರೆ. ನೋಡಲು ಚೆನ್ನಾಗಿರುತ್ತದೆ ಅಂತ. ಅಷ್ಟೇ. ಸಾವಿರದಿಂದ ಎರಡು ಸಾವಿರದೊಳಗೆ ನಾಲ್ಕು ಚಕ್ರದ ಮುಖ ಬದಲಾಗುತ್ತದೆ ಅಂದರೆ ನನಗದು ಜಾಸ್ತಿ ಅನ್ನಿಸುವುದಿಲ್ಲ. ಆದರೆ ಕ್ಯಾಪ್ ಹಾಕಿದರೆ ರಿಮ್ ತುಕ್ಕು ಹಿಡಿಯುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಅದು ನಡೆಯುವ ರೀತಿಯೇ ಬೇರೆ. ಕೆಂಪು ಕೆಸರು ಕ್ಯಾಪಿನ ಸಂದಿಯಿಂದ ಒಳಗೆ ಹೋಗಿ ರಿಮ್ಮಿನ ಮೇಲೆ ಕೂರುತ್ತದೆ. ಹೊರಗಿನಿಂದ ಪೈಪಿನ ನೀರು ಬಿಟ್ಟರೆ ಕ್ಯಾಪ್ ಫಳಫಳ ಅನ್ನುತ್ತದೆ, ಒಳಗಿನ ಮಣ್ಣು ಹಾಗೇ ಹಸಿಯಾಗಿರುತ್ತದೆ. ಬರೀ ರಿಮ್ ಆಗಿದ್ದರೆ ಎರಡು ತಾಸು ಬಿಸಿಲಿಗೆ ಒಣಗುತ್ತಿತ್ತು. ಒಂದೇ ಕಡೆ ಮಣ್ಣು ಗಟ್ಟಿಯಾದರೆ ಹೈವೇಯಲ್ಲಿ ಸ್ಟೀರಿಂಗ್ ಅದುರುತ್ತದೆ. ಅಲೈನ್‌ಮೆಂಟ್ ಹೋಗಿದೆ ಅಂದುಕೊಂಡು ಅಂಗಡಿಗೆ ಓಡುವ ಮೊದಲು ಕ್ಯಾಪ್ ತೆಗೆದು ರಿಮ್ಮಿನ ಹಿಂದೆ ಮುಂದೆ ತೊಳೆದು ನೋಡಿ. ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಹಾಗಾಗಿ ಕ್ಯಾಪ್ ಕೊಳ್ಳುವ ಮೊದಲು ನಾನು ರಿಮ್ಮಿಗೇ ಬಣ್ಣ ಹೊಡೆದೆ. ಒಂದೊಂದೇ ಚಕ್ರ ಬಿಚ್ಚಿ, ವೈರ್ ಬ್ರಷ್ಷಿನಲ್ಲಿ ತುಕ್ಕು ಉಜ್ಜಿ, 120 ನಂಬರಿನ ಎಮರಿ ಪೇಪರ್, ಆಮೇಲೆ 320. ಟೈರಿಗೂ ರಿಮ್ಮಿಗೂ ನಡುವಿನ ಸಂದಿಗೆ ಸುತ್ತಲೂ ಹಳೇ ಮದುವೆ ಕಾಗದ ಸಿಗಿಸಿದರೆ ಟೈರಿಗೆ ಬಣ್ಣ ತಾಗುವುದಿಲ್ಲ. ಪ್ರೈಮರ್ ಹೊಡೆದು, ಒಣಗಿದ ಮೇಲೆ ಸ್ಪ್ರೇ ಡಬ್ಬಿಯಿಂದ ಕಪ್ಪು ಬಣ್ಣ, ತೆಳ್ಳಗೆ ಎರಡು ಮೂರು ಕೋಟ್. ನಟ್ ಕೂರುವ ಗುಂಡಿಗೂ, ಹಬ್ಬಿಗೆ, ಅಂದರೆ ಚಕ್ರ ಕೂರುವ ನಡುಭಾಗಕ್ಕೆ, ತಾಗುವ ಹಿಂಬದಿಗೂ ಬಣ್ಣ ಬೇಡ. ಅಲ್ಲಿ ಬಣ್ಣದ ಪದರ ಇದ್ದರೆ ಓಡಿಸುತ್ತಾ ಅದು ಸವೆದು ನಟ್ ಸಡಿಲವಾಗುತ್ತದೆ. ಚಕ್ರ ಹಾಕುವಾಗ ನಟ್‌ಗಳನ್ನು ಎದುರುಬದುರಾಗಿ ಬಿಗಿ ಮಾಡಿ, ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿದೆ.

ಇನ್ನು ಕ್ಯಾಪ್. ಟೈರಿನ ಬದಿಯಲ್ಲಿ 155/80 ಆರ್13 ಅಂತ ಇದ್ದರೆ ಕೊನೆಯ 13 ಅನ್ನುವುದೇ ಇಂಚಿನ ಅಳತೆ. ಆಲ್ಟೊ 800ಕ್ಕೆ 12, ಸ್ವಿಫ್ಟಿನ ಸ್ಟೀಲ್ ರಿಮ್ಮಿಗೆ 14. ಬೆಂಗಳೂರಿನ ಜೆ.ಸಿ. ರೋಡಿಗೆ ಹೋದರೆ ರಾಶಿ ರಾಶಿ ಸಿಗುತ್ತವೆ. ಕೈಯಲ್ಲಿ ಹಿಡಿದು ಸ್ವಲ್ಪ ಬಗ್ಗಿಸಿ ನೋಡಿ. ಹಪ್ಪಳದ ಹಾಗೆ ಚಟ್ ಅನ್ನುವಂತಿದ್ದರೆ ಅಲ್ಲೇ ಬಿಟ್ಟು ಬನ್ನಿ. ಕೆಲವು ಕಾರುಗಳ ಕಂಪನಿ ಕ್ಯಾಪನ್ನು ನಟ್‌ಗಳೇ ಹಿಡಿದಿರುತ್ತವೆ, ಅದನ್ನು ಅದಕ್ಕೆಂದೇ ಮಾಡಿರುತ್ತಾರೆ. ಹೊರಗೆ ಸಿಗುವ ಯಾವುದೋ ಪ್ಲಾಸ್ಟಿಕ್ ನಟ್ಟಿಗೂ ರಿಮ್ಮಿಗೂ ನಡುವೆ ಸಿಕ್ಕಿಕೊಳ್ಳುವಂತಿದ್ದರೆ ಮಾತ್ರ ಅದನ್ನು ಹಾಕಲೇಬೇಡಿ.

ಒತ್ತಿ ಕೂರಿಸುವ ಕ್ಯಾಪಿನ ಹಿಂದೆ ಒಂದು ಸ್ಟೀಲ್ ರಿಂಗ್ ಇರುತ್ತದೆ. ಅದರಲ್ಲಿ ಒಂದು ಕಡೆ ಬಾಗಿಸಿದ ಜಾಗ ಇದೆ, ಗಾಳಿ ವಾಲ್ವ್ ಬರಬೇಕಾದದ್ದು ಅಲ್ಲಿ. ಗಡಿಬಿಡಿಯಲ್ಲಿ ಹಾಕುವವರು ಇದನ್ನು ನೋಡುವುದೇ ಇಲ್ಲ. ರಿಂಗ್ ವಾಲ್ವನ್ನು ಓರೆಯಾಗಿ ಒತ್ತುತ್ತಿದ್ದರೆ ಅದರ ಬುಡದ ರಬ್ಬರ್ ಸವೆದು ಗಾಳಿ ನಿಧಾನವಾಗಿ ಇಳಿಯುತ್ತದೆ, ಪಂಚರ್ ಹುಡುಕಿದರೆ ಸಿಗುವುದಿಲ್ಲ. ಮೊದಲು ವಾಲ್ವ್ ಜಾಗ ಸರಿ ಮಾಡಿಕೊಂಡು, ಆಮೇಲೆ ಅಂಗೈಯಲ್ಲಿ ಸುತ್ತಲೂ ಒತ್ತಿ. ಕ್ಯಾಪನ್ನು ಸ್ವಲ್ಪ ಹೊತ್ತು ಬಿಸಿಲಲ್ಲಿ ಇಟ್ಟಿದ್ದರೆ ಸಲೀಸು. ಸುತ್ತಿಗೆ ಬೇಡ. ಒಂದು ಕಡೆ ಮಾತ್ರ ಎದ್ದು ನಿಲ್ಲುತ್ತಿದ್ದರೆ ಬ್ಯಾಲೆನ್ಸಿಂಗಿಗೆ, ಅಂದರೆ ಚಕ್ರದ ತೂಕ ಸುತ್ತಲೂ ಸಮವಾಗಲಿ ಅಂತ, ರಿಮ್ಮಿನ ಅಂಚಿಗೆ ಹೊಡೆದ ಸೀಸದ ತುಂಡು ಅಡ್ಡ ಬಂದಿರುತ್ತದೆ. ಅದನ್ನು ಸುಮ್ನೆ ಕಿತ್ತು ಹಾಕಬೇಡಿ. ಮುಂದಿನ ಬ್ಯಾಲೆನ್ಸಿಂಗಿನಲ್ಲಿ ಒಳಗೆ ಅಂಟಿಸುವ ತೂಕ ಹಾಕಿ ಅಂತ ಹೇಳಿ.

ಹಂಪ್, ಹೊಂಡಗಳ ರಸ್ತೆಯಲ್ಲಿ ರಿಂಗ್ ಒಂದನ್ನೇ ನಂಬಿದರೆ ಕ್ಯಾಪ್ ಯಾವತ್ತೋ ಚರಂಡಿ ಸೇರುತ್ತದೆ. ಆದ್ದರಿಂದ ಎದುರುಬದುರು ಎರಡು ಕಡೆ ಜಿಪ್ ಟೈ ಹಾಕಿ ರಿಮ್ಮಿನ ತೂತಿಗೆ ಕಟ್ಟಿದ್ದೇನೆ. ಕಪ್ಪು ಟೈ ಆದರೆ ಕಾಣುವುದಿಲ್ಲ. ಉಳಿದ ಬಾಲ ಕತ್ತರಿಸಿ, ಜಾಕ್ ಮೇಲೆ ಚಕ್ರ ಒಂದು ಸುತ್ತು ತಿರುಗಿಸಿ, ಟೈ ಬ್ರೇಕಿಗೆ ತಾಗುತ್ತಿಲ್ಲ ಅಂತ ನೋಡಿಕೊಳ್ಳಿ. ಡಿಕ್ಕಿಯಲ್ಲಿ ಒಂದು ಕಟರ್ ಮತ್ತು ನಾಲ್ಕಾರು ಟೈ ಇರಲಿ. ರಾತ್ರಿ ಪಂಚರ್ ಆದಾಗ ಹಲ್ಲಿನಲ್ಲಿ ಕಚ್ಚಿ ಬಿಚ್ಚುವುದಕ್ಕೆ ಆಗುವುದಿಲ್ಲ, ಅಲ್ವಾ?

ಘಾಟಿ ಇಳಿಯುವವರು ಅಗಲ ಕಿಂಡಿಗಳಿರುವ ಡಿಸೈನನ್ನೇ ತೆಗೆದುಕೊಳ್ಳಿ. ಬ್ರೇಕಿನ ಬಿಸಿ ಹೊರಗೆ ಹೋಗಬೇಕು. ಮುಚ್ಚಿದ ತಟ್ಟೆಯಂಥದ್ದು ಸಪಾಟು ರಸ್ತೆಗೆ ಸರಿ, ಗಾಳಿಯ ತಡೆ ಕಡಿಮೆ ಮಾಡುತ್ತದೆ ಕೂಡ. ಟೆಸ್ಲಾ ಮಾಡೆಲ್ 3ರಲ್ಲಿ ಒಳ್ಳೆಯ ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ) ರಿಮ್ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿ ಕೊಟ್ಟಿದ್ದು ಅದಕ್ಕೇ. ನಮ್ಮ ವೇಗಕ್ಕೆ ಅದರಿಂದ ಪೆಟ್ರೋಲ್ ಉಳಿಯುತ್ತದೆ ಅಂತ ಲೆಕ್ಕ ಹಾಕಬೇಡಿ.

ಅಲಾಯ್ ಬಗ್ಗೆ ಒಂದೇ ಮಾತು. ಸ್ಟೀಲ್ ರಿಮ್ ಹೊಂಡಕ್ಕೆ ಬಿದ್ದು ಬಗ್ಗಿದರೆ ಊರಲ್ಲೇ ಬಡಿದು ಸರಿ ಮಾಡುತ್ತಾರೆ. ಅಲಾಯ್ ಬಿರುಕು ಬಿಟ್ಟರೆ ಆ ಮಾತಿಲ್ಲ.

ಈಗ ನನ್ನ ಪದ್ಧತಿ ಹೀಗಿದೆ. ಜೂನ್ ಮಳೆ ಹಿಡಿಯುತ್ತಿದ್ದಂತೆ ಕ್ಯಾಪ್ ನಾಲ್ಕೂ ಅಟ್ಟಕ್ಕೆ, ದಸರಾ ಹೊತ್ತಿಗೆ ಮತ್ತೆ ಕಾರಿಗೆ. ನಡುವಿನ ತಿಂಗಳುಗಳಲ್ಲಿ ಕಪ್ಪು ರಿಮ್ಮೇ ಓಡುತ್ತದೆ, ಕೆಟ್ಟದಾಗೇನೂ ಕಾಣುವುದಿಲ್ಲ. ಹೊರಗಿನ ಕ್ಯಾಪ್‌ಗಳನ್ನು ನಾಲ್ಕರ ಸೆಟ್ಟಾಗಿಯೇ ಮಾರುತ್ತಾರೆ. ಒಂದು ಕಳೆದರೆ ಅದೇ ಡಿಸೈನ್ ಆಮೇಲೆ ಸಿಗುವುದು ಕಷ್ಟ. ಕಂಪನಿಯದ್ದಾದರೆ ಬಿಡಿಯಾಗಿ ಒಂದನ್ನೇ ತರಿಸಬಹುದು. ಪಾರ್ಟ್ ನಂಬರ್ ಕ್ಯಾಪಿನ ಹಿಂಬದಿಯಲ್ಲೇ ಅಚ್ಚಾಗಿರುತ್ತದೆ, ಕಳೆಯುವ ಮೊದಲೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.