ಐದನೇ ಕ್ವಿಂಟಲ್‌ಗೆ ನಿಂತುಹೋದ ಪಟ್ಟಿ

ಕಲಬುರಗಿಯ ಗಂಜ್‌ನಲ್ಲಿ (ಧಾನ್ಯದ ಮಾರುಕಟ್ಟೆ) ಒಂದು ಅಡತ ಅಂಗಡಿಯ, ಅಂದರೆ ದಲ್ಲಾಳಿ ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತೇನೆ. ತೊಗರಿ ಸೀಸನ್‌ನಲ್ಲಿ ರೈತರಿಗೆ ಕೊಡುವ ಪಟ್ಟಿ (ಮಾರಾಟದ ಬಿಲ್) ಬರೆದು ಬರೆದು ಕೈ ಸೋಲುತ್ತದೆ. ಅದಕ್ಕೇ ಎಕ್ಸೆಲ್‌ನೊಳಗಿನ ಪ್ರೋಗ್ರಾಮಿಂಗ್ ಭಾಷೆಯಾದ ವಿಬಿಎಯಲ್ಲಿ ಒಂದು ಮ್ಯಾಕ್ರೋ, ಅಂದರೆ ಸಣ್ಣ ಪ್ರೋಗ್ರಾಂ ಬರೆದೆ. ತೂಕ, ದರ ಹಾಕಿದರೆ ಮೊತ್ತ ಬರಬೇಕು, ಅಷ್ಟೇ. ಪರೀಕ್ಷೆಗೆ 2024-25ರ ಬೆಂಬಲ ಬೆಲೆಯನ್ನೇ ಇಟ್ಟುಕೊಂಡೆ, ಕ್ವಿಂಟಲ್‌ಗೆ 7,550 ರೂಪಾಯಿ.

4 ಕ್ವಿಂಟಲ್‌ವರೆಗೆ ಸರಿಯಾಗಿತ್ತು. 5 ಹಾಕಿದ ಕೂಡಲೇ 'ರನ್‌ಟೈಮ್ ಎರರ್ 6, ಓವರ್‌ಫ್ಲೋ' ಎಂದು ನಿಂತುಬಿಟ್ಟಿತು. ಪಕ್ಕದಲ್ಲಿ ಕುಳಿತಿದ್ದ ರೈತ ಕಾಕಾ, "ಯಾಕ ತಮ್ಮಾ, ನನ್ನ ಪಟ್ಟಿ ಬರವಲ್ದೇನು?" ಎಂದರು. ಕೈಯಲ್ಲೇ ಬರೆದುಕೊಟ್ಟೆ.

ಕಾರಣ ಸರಳ. ತೂಕ, ದರ, ಮೊತ್ತ ಇಟ್ಟುಕೊಳ್ಳುವ ಎಲ್ಲಾ ವೇರಿಯೇಬಲ್‌ಗಳನ್ನೂ ಇಂಟಿಜರ್ (ಪೂರ್ಣಾಂಕ) ಎಂದು ಬರೆದಿದ್ದೆ. ವಿಬಿಎಯಲ್ಲಿ ಇಂಟಿಜರ್ ಹಿಡಿಯುವುದು 32,767ರವರೆಗೆ ಮಾತ್ರ. 4 ಕ್ವಿಂಟಲ್‌ಗೆ 30,200, ಒಳಗೇ ಇದೆ. 5ಕ್ಕೆ 37,750, ದಾಟಿತು.

ಮೊತ್ತವನ್ನು ಲಾಂಗ್ ಮಾಡಿದೆ. ಅದೂ ಪೂರ್ಣಾಂಕದ ಬಗೆಯೇ, ಆದರೆ 214 ಕೋಟಿಗೂ ಜಾಸ್ತಿ ಹಿಡಿಯುತ್ತದೆ. ಆದರೂ ಅದೇ ಎರರ್! ಇಲ್ಲೇ ನಾನು ಅರ್ಧ ದಿನ ಕಳೆದೆ. ತೂಕವೂ ದರವೂ ಇಂಟಿಜರ್ ಆಗಿದ್ದರೆ ಗುಣಾಕಾರವೂ ಇಂಟಿಜರ್‌ನಲ್ಲೇ ನಡೆಯುತ್ತದೆ. ಉತ್ತರ ಮೊತ್ತಕ್ಕೆ ಹೋಗಿ ಸೇರುವ ಮೊದಲೇ ತುಂಬಿ ಚೆಲ್ಲುತ್ತದೆ. ಗುಣಿಸುವ ಎರಡರಲ್ಲಿ ಒಂದಾದರೂ ಲಾಂಗ್ ಆಗಿರಬೇಕು. ದರವನ್ನು ಲಾಂಗ್ ಮಾಡಿದೆ, ಎರರ್ ಹೋಯಿತು.

ಆದರೆ ಕೈಬರಹದ ಪಟ್ಟಿಗೆ ಹೋಲಿಸಿದಾಗ ಎದೆ ಝಲ್ಲೆಂದಿತು. 3 ಕ್ವಿಂಟಲ್ 40 ಕಿಲೋ ತೂಕಕ್ಕೆ 25,670 ಬರಬೇಕು. ಮ್ಯಾಕ್ರೋ 22,650 ತೋರಿಸುತ್ತಿತ್ತು. ತೂಕ ಇನ್ನೂ ಇಂಟಿಜರ್ ಆಗಿದ್ದರಿಂದ 3.4 ಸುಮ್ನೆ 3 ಆಗಿತ್ತು. ಎರರ್ ಇಲ್ಲ, ಸದ್ದಿಲ್ಲ. ರೈತನಿಗೆ 3,020 ರೂಪಾಯಿ ಖೋತಾ! ಓವರ್‌ಫ್ಲೋ ಆದರೆ ಕೆಲಸ ನಿಲ್ಲುತ್ತದೆ, ನಮಗೆ ಗೊತ್ತಾಗುತ್ತದೆ. ಇದು ಅದಕ್ಕಿಂತ ಅಪಾಯ ಅಲ್ವಾ? ಆ ಪಟ್ಟಿಗಳನ್ನು ಯಾರಿಗೂ ಕೊಟ್ಟಿರಲಿಲ್ಲ, ಪುಣ್ಯ.

ಕೊನೆಗೆ ತೂಕ, ದರ, ಮೊತ್ತ ಮೂರನ್ನೂ ಕರೆನ್ಸಿ ಎಂಬ ಬಗೆಗೆ ಬದಲಿಸಿದೆ. ದಶಮಾಂಶದ ನಂತರ ನಾಲ್ಕು ಅಂಕಿ ಇಟ್ಟುಕೊಳ್ಳುತ್ತದೆ, ದೊಡ್ಡ ಮೊತ್ತವೂ ಹಿಡಿಯುತ್ತದೆ. ದಶಮಾಂಶ ಹಿಡಿಯುವ ಇನ್ನೊಂದು ಬಗೆಯಾದ ಡಬಲ್ ಬೇಡ ಎಂದುಕೊಂಡೆ. ಅದರಲ್ಲಿ 0.1ರಂಥ ಸಂಖ್ಯೆ ಕರಾರುವಾಕ್ಕಾಗಿ ಕೂರುವುದಿಲ್ಲ. ನೂರಾರು ಪಟ್ಟಿ ಕೂಡಿಸಿದಾಗ ಪೈಸೆ ತಾಳೆಯಾಗದೆ ಹೋಗಬಹುದು.

ಇನ್ನೊಂದು ಕಡೆ ನಾನೇ ಎಡವಿದ್ದೆ. 'ಡಿಮ್ ತೂಕ, ದರ ಆ್ಯಸ್ ಕರೆನ್ಸಿ' ಎಂದು ಒಂದೇ ಸಾಲಿನಲ್ಲಿ ಬರೆದರೆ ದರ ಮಾತ್ರ ಕರೆನ್ಸಿ ಆಗುತ್ತದೆ, ತೂಕ ವೇರಿಯಂಟ್ (ಯಾವ ಬಗೆಯ ಮೌಲ್ಯವನ್ನಾದರೂ ಹಿಡಿಯುವಂಥದ್ದು) ಆಗಿ ಉಳಿಯುತ್ತದೆ. ಪ್ರತಿಯೊಂದಕ್ಕೂ ಬೇರೆಯಾಗಿ ಬರೆಯಬೇಕು.

ಸಾಲು ಎಣಿಸುವ ವೇರಿಯೇಬಲ್ಲೂ ಇಂಟಿಜರ್ ಆಗಿತ್ತು. ಶೀಟ್‌ನಲ್ಲಿ 10,48,576 ಸಾಲುಗಳಿವೆ, ಅದು 32,767ಕ್ಕೇ ನಿಲ್ಲುತ್ತಿತ್ತು. ಅವತ್ತೇ ಲಾಂಗ್ ಮಾಡಿ, ಕಾಕಾನ 5 ಕ್ವಿಂಟಲ್ ಪಟ್ಟಿಯನ್ನು ಮತ್ತೆ ಹಾಕಿ ನೋಡಿದೆ. 37,750 ಬಂತು.