ಕಂತು ಬೇಡ, ಒಟ್ಟು ಲೆಕ್ಕ ಕಳಿಸಿ

ನಮ್ಮ ಅಡಿಕೆ ತೋಟದಲ್ಲಿ ಐದು ತುಂಡು, ನೀರಿಗೆ ಒಂದೇ ಟ್ಯಾಂಕು. ಏಪ್ರಿಲ್ ಬಂತೆಂದರೆ ನೀರು ಸಾಲುವುದಿಲ್ಲ. ಯಾವ ತುಂಡಿಗೆ ಎಷ್ಟು ಕಡಿತ ಎಂಬುದನ್ನು ವಾಲ್ವ್ ಪಕ್ಕದ ಪುಟ್ಟ ಕಂಪ್ಯೂಟರ್ ಪೆಟ್ಟಿಗೆಗಳೇ ಲೋರಾ ಎಂಬ, ಕಡಿಮೆ ಬ್ಯಾಟರಿಯಲ್ಲಿ ದೂರ ಮುಟ್ಟುವ ರೇಡಿಯೊದಲ್ಲಿ ಮಾತಾಡಿಕೊಂಡು ತೀರ್ಮಾನಿಸಲಿ ಎಂದು ಹೊರಟೆ. ನಡುವೆ ಯಜಮಾನ ಕಂಪ್ಯೂಟರ್ ಇಲ್ಲ. ಅದೊಂದು ಕೆಟ್ಟರೆ ಇಡೀ ತೋಟ ನಿಲ್ಲಬಾರದು, ಅಲ್ವಾ?

ಪ್ರತಿ ಪೆಟ್ಟಿಗೆಯಲ್ಲಿ ಎರಡು ಅಂಕಿ. ಒಂದು, ಬೇಕಾದ ನೀರು. ಇನ್ನೊಂದು, ಆ ತುಂಡು ಎಷ್ಟು ಬಾಯಾರಿಕೆ ತಡೆಯುತ್ತದೆ ಎಂಬ ತೂಕ. ಹಳೆಯ ಮರಗಳಿಗೆ ಜಾಸ್ತಿ, ಎಳೆ ಸಸಿಗಳಿಗೆ ಕಡಿಮೆ. ಟ್ಯಾಂಕಿನ ಪೆಟ್ಟಿಗೆ ಇರುವ ನೀರನ್ನು ಮೈನಸ್ ಆಗಿ ಹಿಡಿಯುತ್ತದೆ, ಅದರ ತೂಕ ಸೊನ್ನೆ. ಒಟ್ಟು ಕೊರತೆಯನ್ನು ಒಟ್ಟು ತೂಕದಿಂದ ಭಾಗಿಸಿದ ಸಂಖ್ಯೆ ಎಲ್ಲರಿಗೂ ಸಿಕ್ಕರೆ ಸಾಕು. ಅದನ್ನು ತನ್ನ ತೂಕದಿಂದ ಗುಣಿಸಿದಷ್ಟು ನೀರನ್ನು ಪ್ರತಿ ತುಂಡೂ ಬಿಟ್ಟುಕೊಡುತ್ತದೆ.

ಆ ಸಂಖ್ಯೆ ಹುಡುಕಲು ಕೆಂಪೆ, ದೋಬ್ರಾ, ಗೆರ್ಕೆ ಎಂಬ ಸಂಶೋಧಕರು 2003 ರಲ್ಲಿ ಬರೆದ ಪುಶ್-ಸಮ್ ಎಂಬ ವಿಧಾನ ಹಿಡಿದೆ. ಎರಡೂ ಅಂಕಿಗಳಲ್ಲಿ ಅರ್ಧ ಇಟ್ಟುಕೊ, ಅರ್ಧ ಪಕ್ಕದವನಿಗೆ ಕಳಿಸು. ಹೀಗೆ ಸುತ್ತು ಸುತ್ತು ಹಂಚಿದರೆ, ಮೊದಲ ಅಂಕಿಯನ್ನು ತೂಕದಿಂದ ಭಾಗಿಸಿದಾಗ ಕೊನೆಗೆ ಎಲ್ಲರಿಗೂ ಆ ಸಂಖ್ಯೆಯೇ ಬರುತ್ತದೆ. ಮೇಜಿನ ಮೇಲೆ ಚೆನ್ನಾಗಿ ನಡೆಯಿತು. ತೋಟದಲ್ಲಿ ದಿನಕ್ಕೊಂದು ಉತ್ತರ!

ಮೆಸೇಜು ಕಳೆಯುತ್ತಿತ್ತು. ಒಂದು ಪೆಟ್ಟಿಗೆಯಲ್ಲಿ 10, ಇನ್ನೊಂದರಲ್ಲಿ 30, ತೂಕ ಎರಡಕ್ಕೂ 1 ಎಂದುಕೊಳ್ಳಿ. ಸರಿ ಉತ್ತರ 20. ಎರಡನೆಯದು ಕಳಿಸಿದ 15 ಮತ್ತು ಅರ್ಧ ತೂಕ ದಾರಿಯಲ್ಲಿ ಹೋದರೆ ಎರಡೂ ಪೆಟ್ಟಿಗೆ ಸೇರಿ ಉಳಿಯುವುದು 25, ತೂಕ 1.5. ಆಮೇಲೆ ಎಷ್ಟು ಸುತ್ತು ಮಾತಾಡಿದರೂ 16.67 ಕ್ಕೇ ಬಂದು ನಿಲ್ಲುತ್ತವೆ. ಎಲ್ಲ ಪೆಟ್ಟಿಗೆಗಳೂ ಒಪ್ಪಿರುತ್ತವೆ, ಒಪ್ಪಿದ್ದೇ ತಪ್ಪು. ಇದು ನನಗೆ ತುಂಬ ಭಯ ಹುಟ್ಟಿಸಿತು. ಕಡಿತ ಸಾಲದೆ ಟ್ಯಾಂಕು ಖಾಲಿಯಾಗಿ ಕೊನೆಯ ತುಂಡಿನ ಸಸಿಗಳು ಒಣಗಿದವು.

‘ಮುಟ್ಟಿತು’ ಎಂಬ ಉತ್ತರ ಬರದಿದ್ದರೆ ಕಳಿಸಿದ್ದನ್ನು ವಾಪಸ್ ಜಮಾ ಮಾಡಿಕೊಳ್ಳುವಂತೆ ಬರೆದೆ. ಆ ಉತ್ತರವೇ ಕಳೆದುಹೋದಾಗ ಒಂದೇ ನೀರು ಎರಡು ಕಡೆ ಲೆಕ್ಕಕ್ಕೆ ಬಂತು.

ದಾರಿ ಸಿಕ್ಕಿದ್ದು ಹಾಜಿಕೋಸ್ಟಿಸ್, ವೈದ್ಯ, ಡೊಮಿಂಗೆಜ್-ಗಾರ್ಸಿಯಾ ಎಂಬ ಸಂಶೋಧಕರ ಬರಹದಲ್ಲಿ. ಈ ಸಲದ ಕಂತನ್ನು ಕಳಿಸಬೇಡ, ಇಲ್ಲಿಯವರೆಗೆ ನಿನಗೆ ಕೊಟ್ಟ ಒಟ್ಟು ಕಳಿಸು. ಪಡೆದವನು ತನಗೆ ಕೊನೆಯ ಸಲ ಮುಟ್ಟಿದ ಒಟ್ಟನ್ನು ಅದರಿಂದ ಕಳೆದು ವ್ಯತ್ಯಾಸವನ್ನು ಸೇರಿಸಿಕೊಳ್ಳುತ್ತಾನೆ. ಹಾಲಿನ ಡೈರಿಯಲ್ಲಿ ಒಂದು ದಿನದ ಚೀಟಿ ಕಳೆದರೂ ಪುಸ್ತಕದಲ್ಲಿ ಒಟ್ಟು ಇದ್ದರೆ ಲೆಕ್ಕ ತಪ್ಪುವುದಿಲ್ಲವಲ್ಲ, ಹಾಗೆ. ಮೇಲಿನ ಲೆಕ್ಕದಲ್ಲಿ ಎರಡನೆಯ ಪೆಟ್ಟಿಗೆ ಮುಂದಿನ ಸಲ 10 ಕೊಡುವಾಗ 25 ಎಂದು ಕಳಿಸುತ್ತದೆ. ಕಳೆದುಹೋದ 15 ತಾನಾಗಿ ಬಂದು ಸೇರುತ್ತದೆ. ತೂಕಕ್ಕೂ ಇದೇ ರೀತಿ.

ಒಂದು ಎಚ್ಚರ: ಬ್ಯಾಟರಿ ಇಳಿದು ಪೆಟ್ಟಿಗೆ ಮತ್ತೆ ಶುರುವಾದರೆ ಅದರ ಒಟ್ಟು ಸೊನ್ನೆಗೆ ಬರುತ್ತದೆ, ಪಕ್ಕದವನಿಗೆ ದೊಡ್ಡ ಮೈನಸ್ ಕಾಣುತ್ತದೆ. ಅದಕ್ಕೇ ಪ್ರತಿ ಮೆಸೇಜಿಗೂ ಅದು ಎಷ್ಟನೇ ಸಲ ಶುರುವಾದ ಲೆಕ್ಕ ಎಂಬ ನಂಬರ್ ಹಾಕಿದ್ದೇನೆ, ಆ ನಂಬರನ್ನು ಬ್ಯಾಟರಿ ಹೋದರೂ ಅಳಿಯದ ಮೆಮೊರಿಯಾದ ಫ್ಲ್ಯಾಶ್‌ನಲ್ಲಿ ಉಳಿಸುತ್ತೇನೆ. ಎದ್ದ ಪೆಟ್ಟಿಗೆ ಒಂದು ಹೆಚ್ಚಿನ ನಂಬರ್ ಕೂಗುತ್ತದೆ. ಕೇಳಿದವರೆಲ್ಲ ಹಳೆಯ ಖಾತೆ ಅಳಿಸಿ, ಬೆಳಗಿನ ಅಂಕಿಗಳಿಂದ ಮತ್ತೆ ಶುರು ಮಾಡುತ್ತಾರೆ.