ಅವೇ ಸ್ಟ್ಯಾಂಡ್‌ನಲ್ಲಿ ಪಕ್ಷಪಾತವಾದರೆ: ಗಮನಿಸುವುದು, ಬರೆದಿಡುವುದು, ದೂರು ಕೊಡುವುದು

ಇಂಗ್ಲೆಂಡಿನ ಫುಟ್‌ಬಾಲ್ ಮೈದಾನದಲ್ಲಿ 'ಸ್ಟೀವರ್ಡ್ (ಪ್ರೇಕ್ಷಕರನ್ನು ನೋಡಿಕೊಳ್ಳುವ ಮೈದಾನದ ಸಿಬ್ಬಂದಿ) ಒರಟಾಗಿ ನಡೆದುಕೊಂಡರು' ಎಂದಷ್ಟೇ ಬರೆದು ಕಳಿಸಿದರೆ ಕ್ಲಬ್‌ನಿಂದ ಬರುವ ಉತ್ತರ ಹೆಚ್ಚಾಗಿ ಎರಡು ಸಾಲು: ವಿಷಾದವಿದೆ, ಸಿಬ್ಬಂದಿಗೆ ತಿಳಿಸಿದ್ದೇವೆ. ಒರಟುತನ ಬೇರೆ, ಪಕ್ಷಪಾತ ಬೇರೆ. ಪಕ್ಷಪಾತ ಎನ್ನಬೇಕಾದರೆ ಹೋಲಿಕೆ ಬೇಕು. ಅದೇ ದಿನ, ಅದೇ ನಿಯಮ, ಅದೇ ವರ್ತನೆ. ಹೋಮ್ (ಆತಿಥೇಯ ತಂಡದ) ಅಭಿಮಾನಿಗಳಿಗೆ ಒಂದು ಕ್ರಮ, ಅವೇ (ಹೊರಗಿನಿಂದ ಬಂದ ತಂಡದ) ಅಭಿಮಾನಿಗಳಿಗೆ ಇನ್ನೊಂದು. ಇದನ್ನು ತೋರಿಸಿದ ದೂರನ್ನು ತಳ್ಳಿಹಾಕುವುದು ಕಷ್ಟ.

ಹಾಗೆಂದು ಎಲ್ಲ ವ್ಯತ್ಯಾಸವೂ ಅನ್ಯಾಯವಲ್ಲ. ಪ್ರತ್ಯೇಕ ಗೇಟು, ಎರಡು ಗುಂಪುಗಳ ನಡುವೆ ಖಾಲಿ ಬಿಟ್ಟ ಸೀಟುಗಳು, ಪಂದ್ಯ ಮುಗಿದ ಮೇಲೆ ಸ್ವಲ್ಪ ಹೊತ್ತು ಒಳಗೇ ನಿಲ್ಲಿಸುವುದು, ಇವೆಲ್ಲ ಸುರಕ್ಷತೆಯ ಲೆಕ್ಕಾಚಾರ. ನಿಲ್ಲಿಸುವುದು ತಪ್ಪಲ್ಲ, ಏಕೆ, ಎಷ್ಟು ಹೊತ್ತು ಎಂದು ಮೈಕ್‌ನಲ್ಲಿ ಹೇಳದೆ ನಿಲ್ಲಿಸಿದರೆ ತಪ್ಪು. ಮೈದಾನ ಕಾಣುವ ಜಾಗದಲ್ಲಿ ಮದ್ಯ ಇಟ್ಟುಕೊಳ್ಳಬಾರದೆಂಬ 1985ರ ಕಾಯ್ದೆ ಇಬ್ಬರಿಗೂ ಒಂದೇ. ಆದರೆ ಅವೇ ಕಡೆಯ ಬಾರ್ ಮಾತ್ರ ಮುಚ್ಚಿದ್ದರೆ ಆ ತೀರ್ಮಾನ ಯಾರದು, ಯಾವ ಕಾರಣಕ್ಕೆ ಎಂದು ಕೇಳಬಹುದು.

ಹೊರಡುವ ಮುನ್ನ

ಆತಿಥೇಯ ಕ್ಲಬ್‌ನ ವೆಬ್‌ಸೈಟಿನಲ್ಲಿ ಮೈದಾನದ ನಿಯಮಾವಳಿ ಇರುತ್ತದೆ. ಬ್ಯಾಗಿನ ಅಳತೆ, ಬಾವುಟದ ಅಳತೆ, ದೊಡ್ಡ ಬ್ಯಾನರ್‌ಗೆ ಬೆಂಕಿ ನಿರೋಧಕ ಪ್ರಮಾಣಪತ್ರ ಬೇಕೇ, ಡೋಲು ಬಿಡುತ್ತಾರೆಯೇ, ಇಷ್ಟನ್ನು ಓದಿ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಅನುಮಾನವಿದ್ದರೆ ನಿಮ್ಮ ಕ್ಲಬ್‌ನ ಅಭಿಮಾನಿ ಸಂಪರ್ಕಾಧಿಕಾರಿಗೆ (ಎಸ್‌ಎಲ್‌ಒ) ಬರೆಯಿರಿ. ಅವರು ಎದುರಾಳಿ ಕ್ಲಬ್‌ನವರಿಂದ ಅನುಮತಿಯನ್ನು ಇಮೇಲ್‌ನಲ್ಲಿ ತರಿಸಿಕೊಡುತ್ತಾರೆ. ಗೇಟಿನಲ್ಲಿ ಬಾಯಿಮಾತು ನಡೆಯುವುದಿಲ್ಲ, ಇಮೇಲ್ ತೋರಿಸಿದರೆ ನಡೆಯುತ್ತದೆ.

ಟಿಕೆಟ್ಟನ್ನು ನಿಮ್ಮ ಕ್ಲಬ್ ಮೂಲಕವೇ ಕೊಳ್ಳಿ. ಪ್ರೀಮಿಯರ್ ಲೀಗ್‌ನಲ್ಲಿ ಅವೇ ಟಿಕೆಟ್ಟಿಗೆ 2016ರಿಂದ 30 ಪೌಂಡ್ ಮಿತಿಯಿದೆ. ಬೆಂಗಳೂರಿನಿಂದ ಬಂದ ನೆಂಟರಿಗೆ ಪಂದ್ಯ ತೋರಿಸುವ ಆತುರದಲ್ಲಿ ಎಲ್ಲೋ ಕೊಂಡ ಹೋಮ್ ಸ್ಟ್ಯಾಂಡ್ ಟಿಕೆಟ್ಟು ಹಿಡಿದು, ಎದುರಾಳಿ ಜೆರ್ಸಿ ತೊಟ್ಟು ಕೂತರೆ ಹೊರಹಾಕುತ್ತಾರೆ. ಅದು ಪಕ್ಷಪಾತವಲ್ಲ, ನಿಯಮಾವಳಿಯಲ್ಲೇ ಇದೆ. ಅನುಮತಿಯಿಲ್ಲದೆ ಫುಟ್‌ಬಾಲ್ ಟಿಕೆಟ್ ಮಾರುವುದು 1994ರ ಕಾಯ್ದೆಯಡಿ ಅಪರಾಧ. ಮೋಸಹೋದರೆ ಕ್ಲಬ್ ನಿಮ್ಮ ಪರ ನಿಲ್ಲುವುದಿಲ್ಲ.

ಗೇಟಿನಲ್ಲಿ

ಸ್ಟೀವರ್ಡ್ ಪೊಲೀಸ್ ಅಲ್ಲ. ಮೈ ತಡವಿ ನೋಡಲು ನಿಮ್ಮ ಒಪ್ಪಿಗೆ ಬೇಕು. ಒಪ್ಪದಿದ್ದರೆ ಒಳಗೆ ಬಿಡದಿರಬಹುದು, ಬಲವಂತ ಮಾಡುವಂತಿಲ್ಲ. ಹೆಂಗಸರನ್ನು ಹೆಂಗಸರೇ ತಪಾಸಿಸಬೇಕು. ಏಜೆನ್ಸಿಯಿಂದ ಬಂದು ಭದ್ರತಾ ಕೆಲಸ ಮಾಡುವವರ ಬಳಿ ಎಸ್‌ಐಎ (ಖಾಸಗಿ ಭದ್ರತಾ ಸಿಬ್ಬಂದಿಯನ್ನು ನಿಯಂತ್ರಿಸುವ ಪ್ರಾಧಿಕಾರ) ಕೊಟ್ಟ ಪರವಾನಗಿ ಕಾರ್ಡ್ ಇರಬೇಕು, ಅದು ಕಾಣುವಂತಿರಬೇಕು. ಕ್ಲಬ್‌ನ ಸ್ವಂತ ಸ್ಟೀವರ್ಡ್‌ಗಳಿಗೆ ಇದರಿಂದ ವಿನಾಯಿತಿ ಇರುವುದರಿಂದ, ಕಾರ್ಡ್ ಇಲ್ಲ ಎಂದ ಮಾತ್ರಕ್ಕೆ ಜಗಳಕ್ಕೆ ಹೋಗಬೇಡಿ. ಜಾಕೆಟ್ಟಿನ ಮೇಲಿನ ಸಂಖ್ಯೆ ನೋಡಿಕೊಳ್ಳಿ, ಸಾಕು.

ಇಂಗ್ಲೆಂಡಿನಲ್ಲಿರುವ ನಮ್ಮವರು ತಿಳಿದಿರಬೇಕಾದ ಒಂದು ಮಾತಿದೆ. 2010ರ ಸಮಾನತೆ ಕಾಯ್ದೆಯಲ್ಲಿ 'ಅವೇ ಅಭಿಮಾನಿ' ಎಂಬ ಗುರುತಿಗೆ ರಕ್ಷಣೆಯಿಲ್ಲ. ಜನಾಂಗ, ಧರ್ಮ, ಲಿಂಗ, ಅಂಗವೈಕಲ್ಯಕ್ಕೆ ಇದೆ. ಒಂದೇ ಸಾಲಿನಲ್ಲಿ ಬಂದವರಲ್ಲಿ ಕಂದು ಬಣ್ಣದವರನ್ನು ಮಾತ್ರ ಪಕ್ಕಕ್ಕೆ ಕರೆದು ಬ್ಯಾಗ್ ಬಿಚ್ಚಿಸಿದರೆ ಹೋಲಿಕೆ ಹೋಮ್ ಸ್ಟ್ಯಾಂಡ್ ಜೊತೆಗಲ್ಲ, ನಿಮ್ಮ ಹಿಂದೆ ಮುಂದೆ ನಿಂತವರ ಜೊತೆ. ನಿಮ್ಮ ಮುಂದೆ ಎಷ್ಟು ಜನ ತಪಾಸಣೆಯಿಲ್ಲದೆ ಹೋದರು ಎಂದು ಎಣಿಸಿ, ಇಬ್ಬರನ್ನು ಸಾಕ್ಷಿಗೆ ಕೇಳಿಕೊಳ್ಳಿ. ಕ್ಲಬ್ ಜೊತೆಗೆ, ಫುಟ್‌ಬಾಲ್‌ನಲ್ಲಿ ತಾರತಮ್ಯದ ವಿರುದ್ಧ ಕೆಲಸ ಮಾಡುವ ಕಿಕ್ ಇಟ್ ಔಟ್ ಸಂಸ್ಥೆಗೂ ವರದಿ ಮಾಡಿ. ಕೋರ್ಟಿಗೆ ಹೋಗುವುದಾದರೆ ಅವಧಿ 6 ತಿಂಗಳು, ಅದಕ್ಕೆ ಒಂದು ದಿನ ಕಡಿಮೆ ಎಂದೇ ಲೆಕ್ಕ ಹಾಕಿ.

ನಿಲ್ಲುವ ತಕರಾರು

ಹೆಚ್ಚು ಜಗಳವಾಗುವುದು ಇಲ್ಲೇ. ಹೋಮ್ ಸ್ಟ್ಯಾಂಡ್ ಪೂರ್ತಿ ನಿಂತು ಹಾಡುತ್ತಿರುತ್ತದೆ, ಈ ಕಡೆ ಮಾತ್ರ 'ಕೂರಿ, ಕೂರಿ'. ಸೀಟಿನ ಮುಂದೆ ನಿಂತೇ ಇರುವುದು ಅಪರಾಧವಲ್ಲ, ನಿಯಮಾವಳಿಯ ಉಲ್ಲಂಘನೆ. ಅಷ್ಟಕ್ಕೂ ಹೊರಹಾಕಬಹುದು ಎನ್ನುವುದು ನೆನಪಿರಲಿ.

ಹೋಲಿಸುವಾಗ ಎಡವುವುದು ಎರಡು ಕಡೆ. ಒಂದು, 2022ರಿಂದ ಕೆಲವು ಮೈದಾನಗಳಲ್ಲಿ ಕಂಬಿ ಹಾಕಿದ ಸೀಟುಗಳಲ್ಲಿ ನಿಲ್ಲಲು ಪರವಾನಗಿ ಇದೆ. ಹೋಮ್ ಕಡೆಗೆ ಇಂಥ ಜಾಗ ಕೊಟ್ಟರೆ ಅವೇ ಕಡೆಗೂ ಕೊಡಬೇಕು ಎಂಬುದು ಆ ಪರವಾನಗಿಯ ಷರತ್ತು. ನೀವು ಆ ಭಾಗದ ಹೊರಗೆ ನಿಂತು, ಹೋಮ್‌ನವರ ಪರವಾನಗಿ ಇರುವ ಭಾಗವನ್ನು ತೋರಿಸಿದರೆ ವಾದ ಅಲ್ಲಿಗೇ ಮುಗಿಯಿತು. ಕಂಬಿ ಇಲ್ಲದ ಹೋಮ್ ಬ್ಲಾಕ್ ಹುಡುಕಿ ತೋರಿಸಿ. ಎರಡು, ಮೆಟ್ಟಿಲ ದಾರಿಯಲ್ಲಿ ನಿಲ್ಲುವುದನ್ನು ಸೀಟಿನ ಮುಂದೆ ನಿಲ್ಲುವುದರ ಜೊತೆ ಸೇರಿಸಬೇಡಿ. ದಾರಿ ಖಾಲಿ ಇರಬೇಕು, ಅದಕ್ಕೆ ವಿನಾಯಿತಿಯಿಲ್ಲ. ಗಾಲಿಕುರ್ಚಿಯವರಿಗೆ ಅಡ್ಡವಾಗುವ ಸಾಲಿನಲ್ಲಿದ್ದರೆ ಹೇಳಿಸಿಕೊಳ್ಳದೆ ಕೂರುವುದೇ ಸರಿ.

ಹೊರಹಾಕುತ್ತೇವೆ ಎಂದರೆ ಮೆಟ್ಟಿಲ ಮೇಲೆ ವಾದ ಬೇಡ. ಅಲ್ಲಿ ಕೈ ತಳ್ಳಿದರೂ ಹಲ್ಲೆ ಎನ್ನುತ್ತಾರೆ. ಒಳಗಿರುವ ಅನುಮತಿ ಹಿಂತೆಗೆದುಕೊಂಡ ಮೇಲೆ ಹದ್ದುಮೀರದಷ್ಟು ಬಲ ಬಳಸುವ ಅಧಿಕಾರವೂ ಅವರಿಗಿದೆ. ಶಾಂತವಾಗಿ ಕೇಳಬೇಕಾದ್ದು ಮೂರು: ಕಾರಣ ಏನು, ಯಾವ ನಿಯಮ, ಮೇಲ್ವಿಚಾರಕರು ಯಾರು. ನಿಮ್ಮ ಕ್ಲಬ್ ತನ್ನದೇ ಸ್ಟೀವರ್ಡ್‌ಗಳನ್ನು ಕಳಿಸಿದ್ದರೆ ಅವರನ್ನು ಮೊದಲು ಕರೆಯಿರಿ. ಗುಂಪಿನ ಮುಖಗಳ ಪರಿಚಯ ಅವರಿಗಿರುತ್ತದೆ, ಮಾತು ತಣ್ಣಗಾಗುತ್ತದೆ. ವಿಡಿಯೊ ನಿಮಗಿಂತ ಪಕ್ಕದವರು ಮಾಡಿದರೆ ಮೇಲು: ಎರಡು ಸಾಲು ಹಿಂದಿನಿಂದ, ಫೋನ್ ಅಡ್ಡ ಹಿಡಿದು, ನಡುವೆ ಒಮ್ಮೆ ಹೋಮ್ ಸ್ಟ್ಯಾಂಡಿನತ್ತ ತಿರುಗಿಸಿ. ಆ ನಾಲ್ಕು ಸೆಕೆಂಡೇ ಮುಂದೆ ಬೆಲೆಬಾಳುವುದು.

ಬರೆದಿಡುವುದು

ಅದೇ ಸಂಜೆ, ರೈಲಿನಲ್ಲೇ ಬರೆಯಿರಿ. ಹೀಗಿದ್ದರೆ ಸಾಕು:

'ಬ್ಲಾಕ್ ಎಲ್, 14ನೇ ಸಾಲು, ಎಡ ಮೆಟ್ಟಿಲು. ಪಂದ್ಯದ 37ನೇ ನಿಮಿಷ. ಹಳದಿ ಜಾಕೆಟ್ 218: "ಕೂರಿ, ಇಲ್ಲವೇ ಹೊರಗೆ." ಅದೇ ಹೊತ್ತಿಗೆ ಎದುರಿನ ಗೋಲಿನ ಹಿಂದಿನ ಹೋಮ್ ಸ್ಟ್ಯಾಂಡ್, ಕಂಬಿಯಿಲ್ಲದ ಭಾಗ, ಪೂರ್ತಿ ನಿಂತಿತ್ತು. ಅಲ್ಲಿ ಯಾರೂ ಮೆಟ್ಟಿಲು ಹತ್ತಿ ಹೇಳಲಿಲ್ಲ. ಫೋಟೊ 15:38.'

'ನಾಚಿಕೆಗೇಡು', 'ದೌರ್ಜನ್ಯ' ಮುಂತಾದ ಪದಗಳನ್ನು ತೆಗೆದುಹಾಕಿ. ಓದುವವರು ಅವನ್ನು ದಾಟಿಯೇ ಹೋಗುತ್ತಾರೆ.

ಕಳಿಸುವುದು

ದೂರು ಹೋಗಬೇಕಾದ್ದು ಆತಿಥೇಯ ಕ್ಲಬ್‌ಗೆ, ಪ್ರತಿ ನಿಮ್ಮ ಎಸ್‌ಎಲ್‌ಒಗೆ. ಇದಕ್ಕೂ ಮುಂಚೆ, ಸಾಧ್ಯವಾದರೆ ಮರುದಿನವೇ, ನಿಮ್ಮ ವೈಯಕ್ತಿಕ ಮಾಹಿತಿಯ ಪ್ರತಿ ಕೇಳುವ ಅರ್ಜಿ ಹಾಕಿ. ಅದರಲ್ಲಿ ಸಿಸಿಟಿವಿ ಮತ್ತು ಸ್ಟೀವರ್ಡ್ ಮೈಮೇಲಿನ ಕ್ಯಾಮೆರಾ ದೃಶ್ಯ ಎರಡನ್ನೂ ಹೆಸರಿಸಿ. ಶುಲ್ಕವಿಲ್ಲ, ಉತ್ತರಕ್ಕೆ ಒಂದು ತಿಂಗಳ ಗಡುವು. ಆದರೆ ದೃಶ್ಯಗಳನ್ನು ಹಲವೆಡೆ ಒಂದು ತಿಂಗಳೊಳಗೇ ಅಳಿಸುತ್ತಾರೆ, ಆದ್ದರಿಂದ 'ಅಳಿಸದೆ ಉಳಿಸಿ' ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ನಿಮ್ಮನ್ನು ಗುರುತಿಸಲು ಫೋಟೊ, ತೊಟ್ಟ ಬಟ್ಟೆಯ ಬಣ್ಣ, ಸೀಟು, ಗೇಟು, ಸಮಯ ಕೊಡಬೇಕು.

ಪೊಲೀಸರ ಮೇಲಿನ ದೂರನ್ನು ಇದರಲ್ಲಿ ಬೆರೆಸಬೇಡಿ. ಬೆರೆಸಿದರೆ ಕ್ಲಬ್ ಪೊಲೀಸರನ್ನು ತೋರಿಸುತ್ತದೆ, ಪೊಲೀಸರು ಕ್ಲಬ್ಬನ್ನು. ಮೈದಾನದ ಸುರಕ್ಷತಾ ಪ್ರಮಾಣಪತ್ರ ಕೊಡುವುದು ಸ್ಥಳೀಯ ಕೌನ್ಸಿಲ್. ಜಾಕೆಟ್ಟಿಗೆ ಸಂಖ್ಯೆಯೇ ಇರಲಿಲ್ಲ, ಮೆಟ್ಟಿಲು ತುಂಬಿಹೋಗಿತ್ತು ಎಂಬಂಥ ವಿಷಯವಿದ್ದರೆ ಒಂದು ಪ್ರತಿ ಅಲ್ಲಿಗೂ ಹೋಗಲಿ. ಕ್ಲಬ್ ಉತ್ತರ ತೃಪ್ತಿ ತರದಿದ್ದರೆ ಮುಂದಿನ ಹಂತ ಯಾವುದು ಎಂದು ಅವರಿಂದಲೇ ಬರಹದಲ್ಲಿ ಕೇಳಿ, ಲೀಗ್‌ಗೆ ಹೋಗಿ. ಬಂಧನವಾಗಿದ್ದರೆ ಮಾತ್ರ ಇಷ್ಟೆಲ್ಲ ಪಕ್ಕಕ್ಕಿಡಿ: ತಪ್ಪೊಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ಮುನ್ನ ವಕೀಲರನ್ನು ಕೇಳಿ, ಅಭಿಮಾನಿಗಳ ಸಂಘಟನೆಯಾದ ಫುಟ್‌ಬಾಲ್ ಸಪೋರ್ಟರ್ಸ್ ಅಸೋಸಿಯೇಷನ್ ಅನ್ನು ಸಂಪರ್ಕಿಸಿ. ಶಿಕ್ಷೆಯಾದರೆ ಅದರ ಹಿಂದೆಯೇ ಬರಬಹುದಾದ ಮೈದಾನ ನಿಷೇಧದ ಆದೇಶ ಕನಿಷ್ಠ 3 ವರ್ಷದ್ದು.